ಜೆರೋಮ್ ಪಂಡಿತನ ಪತ್ರಗೋಷ್ಠಿ

ಪ್ರಾಚೀನರ ಪತ್ರಗಳನ್ನು ಪರಿಶೀಲಿಸುವವರಿಗೆ ಒಂದು ತೊಡಕು ತಪ್ಪದು. ಪತ್ರವೆಂಬುದು ಸಂಭಾಷಣೆಯ ಒಂದು ಪಾರ್ಶ್ವವೇ ಹೊರತು ಸಂಪೂರ್ಣ ಸಂಭಾಷಣೆಯಲ್ಲ. ಉತ್ತರವು ಉಳಿದು ಪ್ರಶ್ನೆಯು ಅಳಿದುಹೋಗಿದ್ದಲ್ಲಿ, ಪ್ರಶ್ನೆಯ ಸ್ವರೂಪವನ್ನು ಉತ್ತರದಿಂದಲೇ ಊಹಿಸಿಕೊಳ್ಳಬೇಕಾಗುವುದು. ಪೂರ್ವಪಕ್ಷವನ್ನು ಸಿದ್ಧಾಂತಿಯ ಬಾಯಿಂದಲೇ ಕೇಳಿ ಅಭ್ಯಾಸವಾದ ಶಾಸ್ತ್ರಪಾಠಕರಿಗೆ ಇದು ಹೊಸದಲ್ಲ. ಚಾರ್ವಾಕರ ಮತವು ಇಂದು ತಿಳಿಯಬರುವುದು ಬಹುಮಟ್ಟಿಗೆ ಅದನ್ನು ಖಂಡಿಸಿದವರ ಗ್ರಂಥಗಳಿಂದಲೇ ಅಲ್ಲವೆ? ಕ್ರಿಸ್ತಶಕದ ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿಯೂ ಐದನೆಯದರ ಆದಿಭಾಗದಲ್ಲಿಯೂ ಬಾಳಿದ ಜೆರೋಮ್ ಎಂಬ ಕ್ರೈಸ್ತ ಪಾದ್ರಿಯ ಪತ್ರಸಂಗ್ರಹವು ಇಂತಹ ಏಕಪಾರ್ಶ್ವದ ಸಂಭಾಷಣೆಗೆ ದೊಡ್ಡ ನಿದರ್ಶನವಾಗಿದೆ. ಹೀಬ್ರೂ ಮೂಲದಿಂದ ಬೈಬಲನ್ನು ಲ್ಯಾಟಿನಿಗೆ ತಂದವನೆಂದು ಇವನ ಹೆಸರು ಪ್ರಸಿದ್ಧವಾಗಿದೆ. ಆದರೆ ಆ ಮಹಾಕಾರ್ಯದ ಹಿಂದೆ ಒಂದು ಪತ್ರಗೋಷ್ಠಿಯಿತ್ತೆಂಬುದೂ, ಆ ಗೋಷ್ಠಿಯಲ್ಲಿ ಅತ್ಯಂತ ಕಠಿನವಾದ ಪ್ರಶ್ನೆಗಳನ್ನು ಕೇಳಿದವರು ಸ್ತ್ರೀಯರೆಂಬುದೂ, ಅವರ ಕೈಬರಹವು ಉಳಿಯಲಿಲ್ಲವೆಂಬುದೂ ಅಷ್ಟಾಗಿ ಪರಿಚಿತವಲ್ಲ.

ಜೆರೋಮನ ಲ್ಯಾಟಿನ್ ಹೆಸರು ಹಿಯೆರೋನಿಮುಸ್. ದಲ್ಮಾಟಿಯ ಮತ್ತು ಪನ್ನೋನಿಯ ಪ್ರಾಂತಗಳ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಊರಿನಲ್ಲಿ ಸುಮಾರು ಕ್ರಿ. ಶ. ೩೪೭ರಲ್ಲಿ ಅವನು ಹುಟ್ಟಿದನು. ಬಾಲ್ಯದಲ್ಲಿಯೇ ರೋಮಿಗೆ ಹೋಗಿ, ಆ ಕಾಲದ ವೈಯಾಕರಣರಲ್ಲಿ ಅಗ್ರಗಣ್ಯನಾದ ಡೊನಾಟುಸನ ಬಳಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿದನು. ಸಿಸೆರೋವಿನ ಗದ್ಯವೂ ವರ್ಜಿಲನ ಪದ್ಯವೂ ಅವನ ನಾಲಗೆಯ ಮೇಲೆ ಕೊನೆಯವರೆಗೂ ನೆಲಸಿದ್ದುವು. ಅನಂತರ ಅಕ್ವಿಲೇಯ ಪಟ್ಟಣದಲ್ಲಿ ಸಮವಯಸ್ಕರಾದ ಕೆಲವರು ಧರ್ಮಾಸಕ್ತರೊಡನೆ ಕಲೆತು, ೩೭೩-೭೪ರ ಸುಮಾರಿಗೆ ಪೂರ್ವದೇಶಗಳಿಗೆ ಹೊರಟು ಅಂತಿಯೋಕಿಯವನ್ನು ಸೇರಿದನು. ಅಲ್ಲಿ ಜ್ವರಪೀಡಿತನಾಗಿದ್ದಾಗ ತಾನು ನ್ಯಾಯಾಸನದ ಮುಂದೆ ನಿಂತಂತೆಯೂ, ಕ್ರೈಸ್ತನೆಂದು ಹೇಳಿಕೊಂಡುದಕ್ಕೆ ನೀನು ಸಿಸೆರೋವಿನವನೇ ಹೊರತು ಕ್ರಿಸ್ತನವನಲ್ಲವೆಂದು ಪೆಟ್ಟು ತಿಂದಂತೆಯೂ ಕನಸು ಕಂಡುದಾಗಿ ಅವನೇ ಮುಂದೆ ಒಂದು ಪತ್ರದಲ್ಲಿ ಬರೆದಿರುವನು. ಲೌಕಿಕ ಗ್ರಂಥಗಳನ್ನು ಇನ್ನು ಮುಟ್ಟೆನೆಂದು ಆ ಕನಸಿನಲ್ಲಿ ಮಾಡಿದ ಪ್ರತಿಜ್ಞೆಯನ್ನು ಅವನು ಎಷ್ಟರಮಟ್ಟಿಗೆ ನಡೆಸಿದನೆಂಬುದು ಬೇರೆ ಮಾತು. ಅವನ ಶೈಲಿಯೇ ಅದಕ್ಕೆ ಸಾಕ್ಷಿ ಹೇಳುತ್ತದೆ.

ಬಳಿಕ ಕಾಲ್ಕಿಸಿನ ಮರುಭೂಮಿಯಲ್ಲಿ ಎರಡು ಮೂರು ವರ್ಷ ತಪಸ್ವಿಯಾಗಿದ್ದನು. ಅಲ್ಲಿಯೇ ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನನ್ನು ಗುರುವಾಗಿ ಮಾಡಿಕೊಂಡು ಹೀಬ್ರೂ ಭಾಷೆಯನ್ನು ಕಲಿಯತೊಡಗಿದನು. ಸಿಸೆರೋವಿನ ನಾದಕ್ಕೆ ಪಳಗಿದ ಕಿವಿಗೆ ಆ ಭಾಷೆಯ ಕಂಠ್ಯೋಷ್ಮಗಳು ಎಷ್ಟು ಕರ್ಕಶವಾಗಿ ಕೇಳಿದುವೆಂದೂ, ಎಷ್ಟು ಸಲ ಕೈಬಿಟ್ಟು ಎಷ್ಟು ಸಲ ಮತ್ತೆ ಹಿಡಿದನೆಂದೂ ಅವನು ವೃದ್ಧಾಪ್ಯದಲ್ಲಿ ನೆನೆದುಕೊಂಡಿದ್ದಾನೆ. ಅಂತಿಯೋಕಿಯದ ಬಿಷಪ್ ಪೌಲೀನುಸನು ಅವನಿಗೆ ಪಾದ್ರಿಯ ದೀಕ್ಷೆ ಕೊಟ್ಟಾಗ, ತನ್ನ ಸನ್ಯಾಸಕ್ಕೆ ಭಂಗ ಬಾರದಿದ್ದರೆ ಮಾತ್ರ ಸ್ವೀಕರಿಸುವೆನೆಂದು ಹೇಳಿ ಸ್ವೀಕರಿಸಿದನು. ಪೌರೋಹಿತ್ಯದ ಕರ್ಮಗಳನ್ನು ನಡೆಸುವುದಕ್ಕೆ ಮುಂದೆಯೂ ಅವನು ಹಿಂಜರಿಯುತ್ತಿದ್ದನು. ಹೀಗಾಗಿ ಹೆಸರಿಗೆ ಪಾದ್ರಿಯಾದರೂ ಅವನಿಗೆ ಊರೂ ಇರಲಿಲ್ಲ, ಸಭೆಯೂ ಇರಲಿಲ್ಲ. ದೂರದೂರದಲ್ಲಿದ್ದು ಪತ್ರವನ್ನು ಎದುರುನೋಡುತ್ತಿದ್ದ ಓದುಗರೇ ಅವನ ಸಭೆ.

ಆ ಕಾಲದಲ್ಲಿ ಪತ್ರವು ಹೇಗೆ ಹೋಗುತ್ತಿತ್ತೆಂಬುದನ್ನು ತಿಳಿಯದೆ ಈ ಗೋಷ್ಠಿಯ ಸ್ವರೂಪವು ಅರ್ಥವಾಗದು. ಸಾಮ್ರಾಜ್ಯದ ಅಂಚೆಯು ರಾಜಕಾರ್ಯಕ್ಕೆ ಮೀಸಲಾಗಿತ್ತು. ಸಾಮಾನ್ಯರು ಆ ಕಡೆಗೆ ಹೊರಟ ಯಾತ್ರಿಕನನ್ನೋ ವರ್ತಕನನ್ನೋ ಸನ್ಯಾಸಿಯನ್ನೋ ಹುಡುಕಿ ಅವನ ಕೈಯಲ್ಲಿ ಪತ್ರವನ್ನು ಕೊಡಬೇಕಾಗಿತ್ತು. ಚಳಿಗಾಲದಲ್ಲಿ ಸಮುದ್ರಯಾನವು ನಿಲ್ಲುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಉತ್ತರವನ್ನು ನಿರೀಕ್ಷಿಸುವಂತಿರಲಿಲ್ಲ. ಬರೆಯುವವನು ಸಾಮಾನ್ಯವಾಗಿ ತಾನೇ ಬರೆಯುತ್ತಿರಲಿಲ್ಲ. ಅವನು ಹೇಳಿದುದನ್ನು ಶೀಘ್ರಲಿಪಿಕಾರನು ಮೇಣದ ಹಲಗೆಯ ಮೇಲೆ ಸಂಕೇತಗಳಲ್ಲಿ ಹಿಡಿದು, ಅನಂತರ ಪಪೈರಸಿನ ಮೇಲೆ ಬಿಡಿಸಿ ಬರೆಯುತ್ತಿದ್ದನು. ಕೊನೆಯ ವಂದನೆಯ ಮಾತು ಮಾತ್ರ ಕರ್ತೃವಿನ ಕೈಯದು. ಕಣ್ಣಿನ ದೌರ್ಬಲ್ಯದ ದೆಸೆಯಿಂದ ತಾನು ಸ್ವಹಸ್ತದಿಂದ ಬರೆಯಲಾರದೆ ಹೇಳಿ ಬರೆಯಿಸಬೇಕಾಗಿದೆಯೆಂದು ಜೆರೋಮನು ಒಂದು ಪೀಠಿಕೆಯಲ್ಲಿ ಹೇಳಿಕೊಂಡಿರುವನು. ಪತ್ರವು ತಲುಪಿದ ಮೇಲೆ ಅದು ಒಬ್ಬರ ಸೊತ್ತಾಗಿ ಉಳಿಯುತ್ತಿರಲಿಲ್ಲ. ಅದನ್ನು ಗಟ್ಟಿಯಾಗಿ ಓದುವರು, ನೆರೆಯವರು ಕೇಳುವರು, ಬೇಕಾದವರು ನಕಲು ಮಾಡಿಕೊಳ್ಳುವರು. ಕಳುಹಿದವನೂ ತನ್ನಲ್ಲಿ ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತಿದ್ದನು. ಖಾಸಗಿ ಪತ್ರಕ್ಕೂ ಪ್ರಕಟಿತ ಗ್ರಂಥಕ್ಕೂ ಇಂದಿರುವ ಭೇದವು ಅಂದು ಇರಲಿಲ್ಲ.

ಮರುಭೂಮಿಯಿಂದ ಬರೆದ ಮೊದಮೊದಲ ಪತ್ರಗಳಲ್ಲಿ ಜೆರೋಮನ ದೂರು ಒಂದೇ: ಯಾರೂ ಬರೆಯುವುದಿಲ್ಲ. ಹೇಮೋನ ಎಂಬ ಊರಿನ ಒಬ್ಬ ಸನ್ಯಾಸಿಗೆ ಹತ್ತು ಪತ್ರಗಳನ್ನು ಕಳುಹಿದರೂ ಒಂದಕ್ಕೂ ಉತ್ತರವಿಲ್ಲವೆಂದು ಆಕ್ಷೇಪಿಸುತ್ತಾನೆ. ಅಕ್ವಿಲೇಯದ ಮೂವರು ಮಿತ್ರರು ಸೇರಿ ಒಂದೇ ಚಿಕ್ಕ ಪತ್ರವನ್ನು ಬರೆದಾಗ, ಈಜಿಪ್ಟಿನಲ್ಲಿ ಪಪೈರಸ್ಸಿಗೆ ಬರಗಾಲವೇ ಎಂದು ಹಾಸ್ಯಮಾಡಿ, ಕೂಡಲೆ ಮೆತ್ತಗಾಗಿ, ಆ ಪತ್ರದೊಡನೆ ತಾನು ಮಾತನಾಡುತ್ತಿರುವುದಾಗಿಯೂ ಆ ದೇಶದಲ್ಲಿ ಲ್ಯಾಟಿನ್ ಬಲ್ಲುದು ಅದೊಂದೇ ಎಂದೂ ಹೇಳುತ್ತಾನೆ. ವಿದ್ವಾಂಸನ ಏಕಾಂತದುಃಖವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ವಿರಳ. ಅದೇ ಕಾಲದಲ್ಲಿ ಬಾಲ್ಯಮಿತ್ರನಾದ ರುಫೀನುಸನಿಗೆ ಬರೆದ ಪತ್ರವನ್ನು, ಮುಗಿದುಹೋಗಬಲ್ಲ ಸ್ನೇಹವು ಎಂದೂ ನಿಜವಾದ ಸ್ನೇಹವಾಗಿರಲಿಲ್ಲವೆಂಬ ತಾತ್ಪರ್ಯದಿಂದ ಮುಗಿಸಿದ್ದಾನೆ. ಮುಂದೆ ಓರಿಜೆನನ ಮತವನ್ನು ಕುರಿತ ವಾದದಲ್ಲಿ ಇವರಿಬ್ಬರೂ ಪರಸ್ಪರ ಖಂಡನಗ್ರಂಥಗಳನ್ನು ಬರೆದು ಬದ್ಧವೈರಿಗಳಾದರು. ಸಿಸಿಲಿಯಲ್ಲಿ ರುಫೀನುಸನು ಸತ್ತ ಮೇಲೂ ಜೆರೋಮನು ಅವನನ್ನು ಚೇಳೆಂದು ಹಳಿಯುವುದನ್ನು ಬಿಡಲಿಲ್ಲ. ಪಾಂಡಿತ್ಯವು ಕೋಪವನ್ನು ಗೆಲ್ಲುವುದೆಂದು ಯಾರಾದರೂ ನಂಬಿದ್ದರೆ ಅವರು ಈ ಪತ್ರಗಳನ್ನು ಓದಬಹುದು.

೩೮೨ರಲ್ಲಿ ಜೆರೋಮನು ರೋಮಿಗೆ ಮರಳಿ ಬಂದು ಪೋಪ್ ಡಮಾಸುಸನ ಪತ್ರವ್ಯವಹಾರದಲ್ಲಿ ಸಹಾಯಕನಾದನು. ಅವೆಂಟೈನ್ ಗುಡ್ಡದ ಮೇಲೆ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆಯಿತ್ತು. ಮದುವೆಯಾದ ಏಳನೆಯ ತಿಂಗಳಿನಲ್ಲಿಯೇ ಗಂಡನನ್ನು ಕಳೆದುಕೊಂಡ ಆಕೆ, ಮುದುಕನಾದ ಒಬ್ಬ ಮಾಜಿ ಕಾನ್ಸಲನು ತನ್ನ ಐಶ್ವರ್ಯವನ್ನೆಲ್ಲ ಕೊಡುವೆನೆಂದು ಕೇಳಿದರೂ ಮರುಮದುವೆಗೆ ಒಪ್ಪದೆ, ವ್ರತನಿಷ್ಠೆಯಾಗಿ ಶಾಸ್ತ್ರಾಧ್ಯಯನದಲ್ಲಿ ತೊಡಗಿದ್ದಳು. ಆಕೆಯ ಸುತ್ತ ಅಸೆಲ್ಲಾ, ಪೌಲಾ, ಪೌಲೆಯ ಮಕ್ಕಳಾದ ಬ್ಲೆಸಿಲ್ಲಾ ಮತ್ತು ಯುಸ್ತೋಕಿಯಂ ಮೊದಲಾದವರು ಸೇರುತ್ತಿದ್ದರು. ಈ ಗೋಷ್ಠಿಯನ್ನು ಕಟ್ಟಿದವನು ಜೆರೋಮನಲ್ಲವೆಂಬುದನ್ನು ಗಮನಿಸಬೇಕು. ಅವನು ರೋಮಿಗೆ ಬರುವುದಕ್ಕೆ ಮೊದಲೇ ಅದು ಇದ್ದಿತು. ಸಂಕೋಚದಿಂದ ಸ್ತ್ರೀಯರ ಮುಖವನ್ನು ನೋಡಲೂ ಹಿಂಜರಿಯುತ್ತಿದ್ದ ಅವನನ್ನು ಮಾರ್ಸೆಲ್ಲೆಯೇ ಬಿಡದೆ ಪ್ರಾರ್ಥಿಸಿ ಕರೆಯಿಸಿಕೊಂಡಳು.

ಆಕೆಗೆ ಅವನು ರೋಮಿನಿಂದ ಬರೆದ ಪತ್ರಗಳಲ್ಲಿ ೧೬ ಉಳಿದಿವೆ. ಇಬ್ಬರೂ ಒಂದೇ ಊರಿನಲ್ಲಿದ್ದು ಪತ್ರ ಬರೆದುಕೊಂಡುದೇಕೆ? ಆಕೆಯ ಪ್ರಶ್ನೆಗಳು ಮುಖತಃ ಹೇಳಿ ಮುಗಿಸುವಂತಹವಾಗಿರಲಿಲ್ಲ. ಹೀಬ್ರೂ ಭಾಷೆಯಲ್ಲಿ ದೇವರಿಗಿರುವ ಹತ್ತು ನಾಮಗಳಾವುವು? ಆಮೆನ್, ಅಲ್ಲೆಲೂಯ ಮುಂತಾದ ಶಬ್ದಗಳನ್ನು ಭಾಷಾಂತರಿಸದೆ ಹಾಗೆಯೇ ಬಿಟ್ಟಿರುವುದೇಕೆ? ಕೀರ್ತನೆಗಳ ನಡುವೆ ಬರುವ ಸೆಲಾ ಎಂಬ ಪದಕ್ಕೆ ಅರ್ಥವೇನು? ಏಫೋದ್ ಎಂಬುದು ಎಂತಹ ಉಡುಪು? ಇವೆಲ್ಲವೂ ಕೋಶವನ್ನೂ ಪಾಠಾಂತರಗಳನ್ನೂ ಮುಂದಿಟ್ಟುಕೊಂಡೇ ಉತ್ತರಿಸಬೇಕಾದ ಪ್ರಶ್ನೆಗಳು. ಭಕ್ತಿಗಾಗಿ ಓದುವವರು ಸೆಲಾ ಎಂಬ ಪದವನ್ನು ದಾಟಿಕೊಂಡು ಮುಂದೆ ಹೋಗುವರು. ಅಲ್ಲಿ ನಿಂತು ಕೇಳುವವರು ಗ್ರಂಥಪರಿಶೋಧಕರು. ಪತ್ರವೆಂದರೆ ಮನೆಮಾತುಗಳನ್ನು ಹೇಳಿಕೊಂಡು ದೂರದಲ್ಲಿರುವವರನ್ನು ಹತ್ತಿರ ತರುವ ಸಾಧನವೆಂದು ಒಂದು ಉತ್ತರದ ಆರಂಭದಲ್ಲಿ ಜೆರೋಮನು ಹೇಳಿ, ನೀನಾದರೋ ಇಂತಹ ಪ್ರಶ್ನೆಗಳನ್ನೇ ಕಳುಹುತ್ತೀಯೆಂದು ಗೊಣಗಿ, ಅನಂತರ ದೀರ್ಘವಾಗಿ ಉತ್ತರಿಸುತ್ತಾನೆ. ಎಲ್ಲವೂ ಶಾಸ್ತ್ರಚರ್ಚೆಯೆಂದು ತಿಳಿಯಬಾರದು. ಒಂದು ಪತ್ರವು ಬಹುಭಾಗ ಒನಾಸುಸ್ ಎಂಬವನ ಮೂಗಿನ ಪರಿಹಾಸಕ್ಕೇ ಮೀಸಲಾಗಿದೆ; ಇನ್ನೊಂದರಲ್ಲಿ ತನ್ನ ಪಾಠಪರಿಷ್ಕಾರವನ್ನು ನಿಂದಿಸಿದವರನ್ನು ಎರಡು ಕಾಲಿನ ಕತ್ತೆಗಳೆಂದು ಕರೆದಿದ್ದಾನೆ.

ಮಾರ್ಸೆಲ್ಲೆಯು ಉತ್ತರಗಳನ್ನು ಸ್ವೀಕರಿಸುತ್ತಿದ್ದ ಬಗೆಯು ಇನ್ನೂ ಗಮನಾರ್ಹವಾದುದು. ಗಲಾತ್ಯರಿಗೆ ಬರೆದ ಪತ್ರದ ಮೇಲಣ ವ್ಯಾಖ್ಯಾನದ ಪೀಠಿಕೆಯಲ್ಲಿ ಜೆರೋಮನು ಇದನ್ನು ವರ್ಣಿಸಿದ್ದಾನೆ. ತನ್ನನ್ನು ಕಂಡಾಗಲೆಲ್ಲ ಆಕೆ ಏನನ್ನಾದರೂ ಕೇಳದೆ ಬಿಡುತ್ತಿರಲಿಲ್ಲವಂತೆ. ಪೈಥಾಗೊರಸನ ಶಿಷ್ಯರಂತೆ ಗುರುವಾಕ್ಯವೇ ಪ್ರಮಾಣವೆಂದು ಒಪ್ಪದೆ ಪ್ರತಿಯೊಂದನ್ನೂ ತೂಗಿ ನೋಡುತ್ತಿದ್ದಳಂತೆ. ಆದುದರಿಂದ ತನಗೆ ದೊರೆತುದು ಶಿಷ್ಯೆಗಿಂತ ಹೆಚ್ಚಾಗಿ ನ್ಯಾಯಾಧೀಶೆಯೆಂಬ ಭಾವನೆಯಾಗುತ್ತಿತ್ತಂತೆ. ಮುಂದೆ ಹೊಸ ಒಡಂಬಡಿಕೆಯಿಂದ ಐದು ಪ್ರಶ್ನೆಗಳನ್ನು ಆಕೆ ಕಳುಹಿದಾಗ, ಕೇಳುವುದರಿಂದಲೇ ನೀನು ನನಗೆ ಕಲಿಸುತ್ತೀಯೆಂಬ ಅಭಿಪ್ರಾಯವನ್ನು ಅವನು ಉತ್ತರದ ಮೊದಲಲ್ಲಿಯೇ ಇಟ್ಟಿದ್ದಾನೆ. ಇದು ಕೇವಲ ಉಪಚಾರವೆನ್ನುವವರೂ ಉಂಟು. ಆದರೆ ಉಪಚಾರವು ಅವನ ಸ್ವಭಾವವಲ್ಲ.

ಪೌಲೆಯ ಹಿರಿಯ ಮಗಳಾದ ಬ್ಲೆಸಿಲ್ಲೆಯು ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ ವ್ರತವನ್ನು ಹಿಡಿದು ೩೮೪ರಲ್ಲಿ ತೀರಿಕೊಂಡಳು. ಉಪವಾಸದಿಂದ ಕೊಂದರೆಂದು ಶವಯಾತ್ರೆಯಲ್ಲಿ ಜನರು ಗೊಣಗಿ, ಈ ಸನ್ಯಾಸಿಗಳನ್ನು ಊರಿನಿಂದ ಓಡಿಸಬಾರದೇಕೆಂದು ಕೂಗಿದರೆಂಬುದು ಜೆರೋಮನ ಪತ್ರದಿಂದಲೇ ತಿಳಿಯಬರುತ್ತದೆ. ತಾಯಿಯು ಹೆಚ್ಚಾಗಿ ಅಳಬಾರದೆಂದು ಆ ಪತ್ರದಲ್ಲಿ ಅವನು ಮಾಡಿದ ಉಪದೇಶವು ಕಠಿನವಾಗಿದೆ. ಓದುವವರ ಅನುಕಂಪವು ಅಲ್ಲಿ ಅವನ ಕಡೆಗೆ ಹೋಗುವುದಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಡಮಾಸುಸನೂ ಮಡಿದನು. ಆಶ್ರಯ ತಪ್ಪಿ, ಪೌಲೆಯ ವಿಷಯವಾಗಿ ಅಪವಾದವೂ ಹಬ್ಬಲು, ೩೮೫ರ ಆಗಸ್ಟಿನಲ್ಲಿ ಜೆರೋಮನು ರೋಮನ್ನು ಬಿಟ್ಟನು. ಹಡಗನ್ನು ಏರುತ್ತ ಕಣ್ಣೀರಿನೊಡನೆ ಬರೆದ ಪತ್ರವು ಅಸೆಲ್ಲೆಗೆ ಸಂದಿದೆ. ಪೌಲೆಯೂ ಯುಸ್ತೋಕಿಯಮ್ಮಳೂ ಹಿಂದೆಯೇ ಹೊರಟು, ಈಜಿಪ್ಟಿನ ಯಾತ್ರೆಯನ್ನು ಮುಗಿಸಿಕೊಂಡು ೩೮೬ರಲ್ಲಿ ಎಲ್ಲರೂ ಬೇತ್ಲೆಹೇಮಿನಲ್ಲಿ ನೆಲಸಿದರು. ಪೌಲೆಯ ದ್ರವ್ಯದಿಂದ ಅಲ್ಲಿ ಸ್ತ್ರೀಯರಿಗೂ ಪುರುಷರಿಗೂ ಪ್ರತ್ಯೇಕ ಮಠಗಳೂ ಯಾತ್ರಿಕರಿಗೆ ಛತ್ರವೂ ಆದುವು.

ಪೌಲೆಯು ಹೀಬ್ರೂ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕೀರ್ತನೆಗಳನ್ನು ಆ ಭಾಷೆಯಲ್ಲಿ ಹಾಡುವಾಗ ಆಕೆಯ ಉಚ್ಚಾರಣೆಯಲ್ಲಿ ಲ್ಯಾಟಿನಿನ ಸೋಂಕು ಇರುತ್ತಿರಲಿಲ್ಲವೆಂದು, ಅದನ್ನು ಕಲಿಯಲು ತಾನು ಪಟ್ಟ ಪಾಡನ್ನು ಮರೆಯದ ಜೆರೋಮನೇ ಹೇಳುತ್ತಾನೆ. ತಾಯಿ ಮಗಳಿಬ್ಬರೂ ಒತ್ತಾಯ ಮಾಡಿ ಹಳೆಯ ಮತ್ತು ಹೊಸ ಒಡಂಬಡಿಕೆಗಳೆರಡನ್ನೂ ಅವನಿಂದ ಪಾಠ ಹೇಳಿಸಿಕೊಂಡರು. ಕಠಿನಸ್ಥಳಗಳಲ್ಲಿ ಅವನು ತನಗೆ ತಿಳಿಯದೆಂದು ಒಪ್ಪಿಕೊಂಡರೂ ಪೌಲೆಯು ಸುಮ್ಮನಾಗದೆ, ಹಲವು ಅಭಿಪ್ರಾಯಗಳಿದ್ದಲ್ಲಿ ಅವುಗಳಲ್ಲಿ ಯಾವುದು ಹೆಚ್ಚು ಯುಕ್ತವೆಂದಾದರೂ ಹೇಳಬೇಕೆಂದು ಹಿಡಿಯುತ್ತಿದ್ದಳು. ಅರಸರ ಗ್ರಂಥಗಳು, ಎಸ್ತೇರಳ ಗ್ರಂಥ ಮೊದಲಾದವುಗಳ ಭಾಷಾಂತರಗಳು ಈ ಇಬ್ಬರು ಸ್ತ್ರೀಯರನ್ನು ಸಂಬೋಧಿಸಿದ ಪೀಠಿಕೆಗಳೊಡನೆ ಹೊರಟಿವೆ. ಎಸ್ತೇರಳ ಗ್ರಂಥದ ಪೀಠಿಕೆಯು ಈ ಗೋಷ್ಠಿಯ ನಿಜಸ್ಥಿತಿಯನ್ನು ಇತರ ಎಲ್ಲ ಸಾಕ್ಷ್ಯಗಳಿಗಿಂತಲೂ ಸ್ಪಷ್ಟವಾಗಿ ತೋರಿಸುವುದು. ಹೀಬ್ರೂ ಗ್ರಂಥಭಂಡಾರವನ್ನು ಹೊಕ್ಕು ಭಾಷಾಂತರಕಾರರ ಕಲಹಗಳನ್ನು ಪರೀಕ್ಷಿಸಿರುವ ನೀವು ಹೀಬ್ರೂ ಮೂಲವನ್ನು ಕೈಯಲ್ಲಿ ಹಿಡಿದು ನನ್ನ ಭಾಷಾಂತರವನ್ನು ಪದಪದವಾಗಿ ಹೋಲಿಸಿ ನೋಡಿರೆಂದು ಅವನು ಅಲ್ಲಿ ಕೇಳಿಕೊಂಡಿದ್ದಾನೆ. ಮೂಲವನ್ನು ಓದಲಾರದವರಿಗೆ ಇಂತಹ ಕೆಲಸವನ್ನು ಯಾರೂ ಒಪ್ಪಿಸರು.

೩೯೩ರ ಸುಮಾರಿಗೆ ಬರೆದ ಪ್ರಸಿದ್ಧಪುರುಷರ ಚರಿತ್ರೆಯ ಕೊನೆಯ ಅಧ್ಯಾಯದಲ್ಲಿ ಜೆರೋಮನು ತನ್ನ ಕೃತಿಗಳ ಪಟ್ಟಿಯನ್ನೂ ಕೊಟ್ಟಿರುವನು. ಮಾರ್ಸೆಲ್ಲೆಗೆ ಬರೆದ ಪತ್ರಗಳ ಒಂದು ಸಂಪುಟವು ಅದರಲ್ಲಿ ಗ್ರಂಥವೆಂದೇ ಎಣಿಕೆಯಾಗಿದೆ. ಪೌಲೆಗೂ ಯುಸ್ತೋಕಿಯಮ್ಮಳಿಗೂ ಬರೆದ ಪತ್ರಗಳ ಸಂಖ್ಯೆಯನ್ನು ಹೇಳಲಾಗದು, ಏಕೆಂದರೆ ಅವನ್ನು ಪ್ರತಿದಿನವೂ ಬರೆಯುತ್ತಿರುವೆನೆಂದು ಅಲ್ಲಿಯೇ ಇದೆ. ಹೀಗೆ ಪ್ರತಿದಿನ ಬರೆದ ಪತ್ರಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. ನಿತ್ಯದ ಪಾಠದಲ್ಲಿ ಹುಟ್ಟಿದ ಚೀಟಿಗಳನ್ನು ಯಾರು ನಕಲು ಮಾಡುವರು? ಅವುಗಳ ಸಾರವು ವ್ಯಾಖ್ಯಾನಗಳಲ್ಲಿ ಲೀನವಾಯಿತು; ಕೇಳಿದವರ ಮಾತು ಹೇಳಿದವನ ಗ್ರಂಥವಾಯಿತು. ಬೃಹದಾರಣ್ಯಕದಲ್ಲಿ ಗಾರ್ಗಿಯು ಕೇಳಿದ ಪ್ರಶ್ನೆಗಳು ಗಾರ್ಗಿಯ ಹೆಸರಿನಲ್ಲಿಯೇ, ಯಾಜ್ಞವಲ್ಕ್ಯನ ಉತ್ತರಗಳ ಜೊತೆಯಲ್ಲಿಯೇ ಉಳಿದುಬಂದಿರುವುದನ್ನು ನೆನೆದರೆ ಬೇತ್ಲೆಹೇಮಿನ ನಷ್ಟವೆಷ್ಟೆಂಬುದು ಅರಿವಾಗುವುದು.

ಸ್ತ್ರೀಯರಿಗೆ ಬರೆಯುತ್ತಾನೆಂದು ಅವನನ್ನು ಹಳಿಯುವವರಿದ್ದರು. ಪುರುಷರು ಶಾಸ್ತ್ರವನ್ನು ಕೇಳಿದ್ದರೆ ತಾನು ಸ್ತ್ರೀಯರಿಗೆ ಹೇಳುತ್ತಿರಲಿಲ್ಲವೆಂಬುದು ಪ್ರಿನ್ಸಿಪಿಯಾ ಎಂಬಾಕೆಗೆ ಬರೆದ ಪತ್ರದಲ್ಲಿ ಅವನು ಕೊಟ್ಟ ಸಮಾಧಾನ. ಪೌಲೆಯ ಸೊಸೆ ಲೇಟಾ ಎಂಬವಳಿಗೆ, ಆಕೆಯ ಎಳೆಮಗುವಿನ ವಿದ್ಯಾಭ್ಯಾಸವನ್ನು ಕುರಿತು ಬರೆದ ಪತ್ರವು ಅಧ್ಯಾಪಕರು ಅವಶ್ಯವಾಗಿ ಓದತಕ್ಕದ್ದು. ಮರದಲ್ಲಿಯೋ ದಂತದಲ್ಲಿಯೋ ಅಕ್ಷರಗಳನ್ನು ಕೆತ್ತಿಸಿ ಮಗುವಿಗೆ ಆಡಲು ಕೊಡಬೇಕು, ಆಟವೇ ಪಾಠವಾಗಬೇಕು, ಅಕ್ಷರಗಳನ್ನು ಸಾಲಾಗಿ ಹಾಡಿಸಿದರೆ ಸಾಲದು, ಅವುಗಳನ್ನು ಕಲಸಿ ರೂಪದಿಂದಲೂ ಗುರುತಿಸುವಂತೆ ಮಾಡಬೇಕು, ನಡುಗುವ ಕೈಯನ್ನು ಹಿಡಿದು ತಿದ್ದಿಸಬೇಕು, ಜೊತೆಗಾರರಿದ್ದರೆ ಪೈಪೋಟಿ ಹುಟ್ಟುವುದು, ನಿಧಾನವಾದ ಮಗುವನ್ನು ಬಯ್ಯದೆ ಹೊಗಳಿಯೇ ಎಬ್ಬಿಸಬೇಕು. ಮಗುವನ್ನು ಬೇತ್ಲೆಹೇಮಿಗೆ ಕಳುಹಿದರೆ ತಾನೇ ಹೆಗಲ ಮೇಲೆ ಹೊತ್ತು ಪಾಠ ಹೇಳುವೆನೆಂದೂ, ಅಲೆಕ್ಸಾಂಡರನಿಗೆ ಕಲಿಸಿದ ಅರಿಸ್ಟಾಟಲನಿಗಿಂತ ತನಗೆ ಹೆಚ್ಚಿನ ಹೆಮ್ಮೆಯೆಂದೂ ಮುದುಕನು ಮುಗಿಸುತ್ತಾನೆ. ಅಜ್ಜಿಯ ಹೆಸರನ್ನೇ ಹೊತ್ತಿದ್ದ ಆ ಮಗುವು ಮುಂದೆ ಬೇತ್ಲೆಹೇಮಿಗೆ ಬಂದು ಸೇರಿತು.

ಬೇತ್ಲೆಹೇಮಿನ ಪತ್ರಗೋಷ್ಠಿಯು ಕ್ರಮೇಣ ರೋಮನ್ ಜಗತ್ತಿನ ಅಂಚುಗಳನ್ನು ಮುಟ್ಟಿತು. ಸ್ಪೇನಿನ ಲುಕೀನಿಯುಸ್ ಎಂಬ ಶ್ರೀಮಂತನು ಜೆರೋಮನ ಗ್ರಂಥಗಳನ್ನು ನಕಲು ಮಾಡಿ ತರಲು ಆರು ಮಂದಿ ಲಿಪಿಕಾರರನ್ನು ಸಮುದ್ರದಾಚೆಗೆ ಅಟ್ಟಿದನು. ಗಾಲ್ ದೇಶದ ಹೆದಿಬಿಯಾ ಎಂಬಾಕೆ ೧೨ ಪ್ರಶ್ನೆಗಳನ್ನೂ ಅಲ್ಗಾಸಿಯಾ ಎಂಬಾಕೆ ೧೧ ಪ್ರಶ್ನೆಗಳನ್ನೂ ಅಪೊದೇಮಿಯುಸ್ ಎಂಬ ಯಾತ್ರಿಕನ ಕೈಯಲ್ಲಿ ಕಳುಹಿದರು. ಸುನ್ನಿಯಾ, ಫ್ರೆತೇಲಾ ಎಂಬ ಇಬ್ಬರು ಗಾಥ್ ಜನಾಂಗದವರು ಕೀರ್ತನೆಗಳ ಗ್ರೀಕ್ ಲ್ಯಾಟಿನ್ ಪಾಠಭೇದಗಳನ್ನು ಪಟ್ಟಿಮಾಡಿ ಕೇಳಿದಾಗ, ಖಡ್ಗ ಹಿಡಿದ ಕೈಗಳು ಲೇಖನಿಯನ್ನು ಹಿಡಿದುವೆಂದು ಅವನು ಬೆರಗಾದನು. ಭಾರತದ ಹೆಸರೂ ಈ ಬರಹಗಳಲ್ಲಿ ಅಲ್ಲಲ್ಲಿ ಬಾರದೆ ಇಲ್ಲ. ಲೇಟೆಗೆ ಬರೆದ ಪತ್ರದಲ್ಲಿ ಇಂಡಿಯದಿಂದಲೂ ಸನ್ಯಾಸಿಗಳು ಬರುತ್ತಿರುವರೆಂದಿದ್ದಾನೆ. ಆದರೆ ಅಂದಿನ ಗ್ರಂಥಕಾರರು ಕೆಂಪುಸಮುದ್ರದ ತೀರಗಳನ್ನೂ ಇಂಡಿಯವೆನ್ನುತ್ತಿದ್ದುದರಿಂದ ಇದನ್ನು ಹೆಚ್ಚಾಗಿ ನೆಚ್ಚುವಂತಿಲ್ಲ. ಜೋವಿನಿಯಾನುಸನ ಮೇಲಣ ಖಂಡನಗ್ರಂಥದಲ್ಲಿ ಬುದ್ಧನು ಕನ್ಯೆಯ ಪಾರ್ಶ್ವದಿಂದ ಜನಿಸಿದನೆಂದು ಭಾರತದ ದಿಗಂಬರ ತತ್ತ್ವಜ್ಞರು ಹೇಳುವರೆಂಬ ಮಾತು ಮಾತ್ರ ನಿಸ್ಸಂಶಯವಾಗಿ ಈ ದೇಶದ್ದು.

ಪತ್ರಗಳು ದಾರಿ ತಪ್ಪಿದಾಗ ಏನಾಗುತ್ತಿತ್ತೆಂಬುದಕ್ಕೆ ಎರಡು ಪ್ರಸಂಗಗಳಿವೆ. ಬಿಷಪ್ ಎಪಿಫಾನಿಯುಸನ ಗ್ರೀಕ್ ಪತ್ರವೊಂದನ್ನು, ಗ್ರೀಕ್ ಬಾರದ ಒಬ್ಬ ಮಿತ್ರನ ಉಪಯೋಗಕ್ಕಾಗಿ ಜೆರೋಮನು ಆತುರದಲ್ಲಿ ಲ್ಯಾಟಿನಿಗೆ ಹೇಳಿ ಬರೆಯಿಸಿದ್ದನು. ಆ ಪ್ರತಿಯು ಮಿತ್ರನ ಪೆಟ್ಟಿಗೆಯಿಂದ ಕಳವಾಗಿ ಶತ್ರುಗಳ ಕೈಗೆ ಬಿದ್ದಿತು. ಮೂಲಕ್ಕೆ ವಿಧೇಯನಾಗಿಲ್ಲವೆಂಬ ಆರೋಪವು ಹುಟ್ಟಿತು. ಇದಕ್ಕೆ ಉತ್ತರವಾಗಿ ಪಮ್ಮಾಕಿಯುಸನಿಗೆ ಬರೆದ ಪತ್ರದಲ್ಲಿ, ಭಾಷಾಂತರವು ಪದಕ್ಕೆ ಪದವಾಗಿರದೆ ಅರ್ಥಕ್ಕೆ ಅರ್ಥವಾಗಿರಬೇಕೆಂಬ ಸಿದ್ಧಾಂತವನ್ನು ಅವನು ಸ್ಥಾಪಿಸಿದನು. ಪದಗಳ ಕ್ರಮವೂ ರಹಸ್ಯವಾಗಿರುವ ಪವಿತ್ರಗ್ರಂಥವನ್ನು ಮಾತ್ರ ಈ ನಿಯಮಕ್ಕೆ ಹೊರಗಿಟ್ಟಿದ್ದಾನೆ. ಭಾಷಾಂತರಶಾಸ್ತ್ರದಲ್ಲಿ ಇಂದಿಗೂ ಉದಾಹೃತವಾಗುವ ಈ ಪ್ರಬಂಧವು ಹುಟ್ಟಿದುದು ಒಂದು ಕಳವಿನಿಂದ.

ಎರಡನೆಯದು ಉತ್ತರ ಆಫ್ರಿಕದ ಅಗಸ್ಟೀನನೊಡನೆ ನಡೆದ ವ್ಯವಹಾರ. ಇಬ್ಬರೂ ಎಂದೂ ಮುಖಾಮುಖಿಯಾದವರಲ್ಲ. ಅಗಸ್ಟೀನನು ಇನ್ನೂ ಪಾದ್ರಿಯಾಗಿದ್ದಾಗ, ೩೯೪-೯೫ರಲ್ಲಿ, ಒಂದು ಪತ್ರವನ್ನು ಬರೆದನು. ಸೆಪ್ತುವಾಜಿಂತ್ ಎಂಬ ಎಪ್ಪತ್ತು ಪಂಡಿತರ ಗ್ರೀಕ್ ಭಾಷಾಂತರವನ್ನು ಬಿಟ್ಟು ಹೀಬ್ರೂ ಮೂಲಕ್ಕೆ ಹೋಗುವುದೇಕೆಂದೂ, ಪೌಲನು ಪೇತ್ರನನ್ನು ಗದರಿಸಿದುದು ಬರಿಯ ತೋರಿಕೆಯೆಂದು ವ್ಯಾಖ್ಯಾನಿಸಿದರೆ ಶಾಸ್ತ್ರದಲ್ಲಿ ಸುಳ್ಳಿಗೆ ಎಡೆಗೊಟ್ಟಂತಾಗದೆ ಎಂದೂ ಅದರಲ್ಲಿ ಕೇಳಿದ್ದನು. ಪತ್ರವನ್ನು ಒಯ್ಯಬೇಕಾಗಿದ್ದ ಪ್ರೊಫುತುರುಸನು ಹೊರಡುವ ಮೊದಲೇ ಬಿಷಪ್ಪನಾಗಿ, ಸ್ವಲ್ಪಕಾಲದಲ್ಲಿಯೇ ಸತ್ತನು. ಕೆಲವು ವರ್ಷಗಳ ಮೇಲೆ ಬರೆದ ಇನ್ನೊಂದನ್ನು ಒಯ್ಯಬೇಕಾದವನು ಸಮುದ್ರಕ್ಕೆ ಹೆದರಿ ಹೋಗಲೇ ಇಲ್ಲ. ಆದರೆ ಪತ್ರವು ಮಾತ್ರ ಪ್ರಯಾಣ ಮಾಡಿತು. ಸಿಸಿನ್ನಿಯುಸ್ ಎಂಬ ಡೀಕನನು ಏಡ್ರಿಯಾಟಿಕ್ ಸಮುದ್ರದ ಒಂದು ದ್ವೀಪದಲ್ಲಿ, ಅಗಸ್ಟೀನನ ಇತರ ಬರಹಗಳ ನಡುವೆ, ಅದರ ನಕಲನ್ನು ಕಂಡನು. ತನಗೆ ಬರೆದ ಪತ್ರವು ತನಗೆ ಬಾರದೆ ಇಟಲಿಯಲ್ಲೆಲ್ಲ ಓದಲ್ಪಡುತ್ತಿದೆಯೆಂದು ತಿಳಿದಾಗ ಜೆರೋಮನಿಗೆ ಹೇಗಾಗಿರಬೇಡ! ಆ ಬರಹವು ನಿನ್ನದೇ ಆದರೆ ಸಹಿ ಮಾಡಿದ ಪ್ರತಿಯನ್ನು ಕಳುಹಿಸೆಂದೂ, ದಣಿದ ಎತ್ತು ಹೆಜ್ಜೆಯನ್ನು ಬಲವಾಗಿ ಊರುವುದೆಂದೂ ಎಚ್ಚರಿಸಿದನು.

೪೦೩ರಲ್ಲಿ ಅಗಸ್ಟೀನನು ಕಳುಹಿದ ಪತ್ರದಲ್ಲಿ ಓಯ ಎಂಬ ಪಟ್ಟಣದ ಒಂದು ಗಲಭೆಯ ವರದಿಯಿದೆ. ಅಲ್ಲಿಯ ಬಿಷಪ್ಪನು ಜೆರೋಮನ ಹೊಸ ಭಾಷಾಂತರದಿಂದ ಯೋನನ ಗ್ರಂಥವನ್ನು ಓದಿಸಲು, ಪ್ರವಾದಿಗೆ ನೆರಳು ಕೊಟ್ಟ ಗಿಡದ ಹೆಸರು ತಲೆತಲಾಂತರದಿಂದ ಕೇಳಿದ ಹೆಸರಾಗಿರಲಿಲ್ಲವೆಂದು ಜನರು ಎದ್ದು ಕೂಗಾಡಿದರು. ಪೇಚಿಗೆ ಸಿಕ್ಕಿದ ಬಿಷಪ್ಪನು ಊರಿನ ಯೆಹೂದ್ಯರನ್ನು ಕೇಳಿದನು. ಹಳೆಯ ಪಾಠವೇ ಮೂಲದಲ್ಲಿರುವುದೆಂದು ಅವರು ಹೇಳಿಬಿಟ್ಟರು. ಸಭೆಯನ್ನು ಕಳೆದುಕೊಳ್ಳಲಾರದೆ ಬಿಷಪ್ಪನು ಪಾಠವನ್ನು ತಿದ್ದಿದನು. ಹಳೆಯ ಪಾಠದಲ್ಲಿದ್ದುದು ಸೋರೆಬಳ್ಳಿ; ಜೆರೋಮನು ಇಟ್ಟುದು ಐವಿ ಎಂಬ ಹಬ್ಬುಬಳ್ಳಿ. ಹೀಬ್ರೂ ಮೂಲದಲ್ಲಿರುವ ಕಿಕಯೋನ್ ಎಂಬುದು ಎರಡೂ ಅಲ್ಲ. ಅಗಲವಾದ ಎಲೆಗಳುಳ್ಳ, ಬೇರೆ ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುವ ಗಿಡವೆಂದು ಜೆರೋಮನೇ ವರ್ಣಿಸಿರುವನು. ಈ ಲಕ್ಷಣಗಳಿಂದ ಅದು ಹರಳುಗಿಡವೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಮೂಲದ ಹೆಸರನ್ನೇ ಇಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋರೆಯೆಂದರೆ ಮೂಲದಲ್ಲಿಲ್ಲದುದನ್ನು ಹೇಳಿದಂತಾಗುವುದು. ಆದುದರಿಂದ ಹಿಂದಿನ ಕೆಲವು ಭಾಷಾಂತರಕಾರರನ್ನು ಅನುಸರಿಸಿ ಐವಿಯನ್ನಿಟ್ಟೆನೆಂಬುದು ಅವನ ಸಮಾಧಾನ. ಸಮಾಧಾನವು ದುರ್ಬಲವಾದುದೇ. ಗಿಡವನ್ನು ಬಲ್ಲವನು ಹೆಸರಿಲ್ಲದ ಭಾಷೆಯಲ್ಲಿ ಸಿಕ್ಕಿಬಿದ್ದರೆ ಹೀಗಾಗುವುದು. ಬೆಲೆಯುಳ್ಳ ಸಂಗತಿಯೆಂದರೆ, ಒಂದು ಗಿಡದ ಹೆಸರಿಗಾಗಿ ಒಂದು ಊರೇ ಎದ್ದಿತೆಂಬುದು.

೪೦೪ರಲ್ಲಿ ಜೆರೋಮನ ದೀರ್ಘೋತ್ತರವೂ ಮರುವರ್ಷ ಅಗಸ್ಟೀನನ ಪ್ರತ್ಯುತ್ತರವೂ ಹೋದುವು. ಪದವಿಯಿಂದ ಪಾದ್ರಿಗಿಂತ ಬಿಷಪ್ಪನು ಮೇಲಾದರೂ ಅನೇಕ ವಿಷಯಗಳಲ್ಲಿ ಅಗಸ್ಟೀನನು ಜೆರೋಮನಿಗಿಂತ ಕಡಮೆಯೆಂಬ ವಿನಯವು ಆ ಪ್ರತ್ಯುತ್ತರದಲ್ಲಿದೆ. ಕಡೆಯ ವರ್ಷಗಳ ಪತ್ರಗಳು ಸ್ನೇಹಪೂರ್ಣವಾದುವು. ಈ ವಾದದಲ್ಲಿ ಎರಡೂ ಪಕ್ಷಗಳ ಬರಹವು ಉಳಿದಿರುವುದರಿಂದ, ಯಾರು ಏನು ಕೇಳಿದರು, ಯಾರು ಎಲ್ಲಿ ಸೋತರು ಎಂಬುದನ್ನು ಇಂದು ಓದುವವನು ತಾನೇ ತೀರ್ಮಾನಿಸಬಲ್ಲನು. ಅಗಸ್ಟೀನನು ಬಿಷಪ್ಪನಾಗಿದ್ದನು, ಅವನ ಪತ್ರಗಳನ್ನು ಕಾಪಾಡುವುದಕ್ಕೆ ಹಿಪ್ಪೋ ನಗರದಲ್ಲಿ ಗ್ರಂಥಭಂಡಾರವಿತ್ತು.

ಪೌಲೆಯು ೪೦೪ರ ಜನವರಿ ೨೬ರಂದು ತೀರಿಕೊಂಡಳು. ಆಕೆಯ ಚರಿತ್ರೆಯನ್ನು ಎರಡು ರಾತ್ರಿಗಳಲ್ಲಿ ಹೇಳಿ ಬರೆಯಿಸಿ ಮಗಳಿಗೆ ಪತ್ರರೂಪವಾಗಿ ಅವನು ಅರ್ಪಿಸಿದನು. ೪೧೦ರ ಆಗಸ್ಟ್ ೨೪ರಂದು ಅಲಾರಿಕನ ಗಾಥ್ ಸೈನ್ಯವು ರೋಮನ್ನು ಹೊಕ್ಕಿತು. ಅವೆಂಟೈನಿನ ಮನೆಗೆ ನುಗ್ಗಿದ ಸೈನಿಕರು ಚಿನ್ನವನ್ನು ಕೇಳಿ, ಇಲ್ಲವೆಂದ ವೃದ್ಧೆ ಮಾರ್ಸೆಲ್ಲೆಯನ್ನು ದೊಣ್ಣೆಗಳಿಂದಲೂ ಚಾವಟಿಗಳಿಂದಲೂ ಹೊಡೆದರು. ಆಕೆ ತನ್ನ ನೋವನ್ನು ಎಣಿಸದೆ, ಜೊತೆಯಲ್ಲಿದ್ದ ಪ್ರಿನ್ಸಿಪಿಯಳ ಮಾನವನ್ನು ಉಳಿಸಬೇಕೆಂದು ಬೇಡಿಕೊಂಡಳು. ಇಬ್ಬರನ್ನೂ ಸಂತ ಪೌಲನ ಗುಡಿಗೆ ತಂದು ಬಿಟ್ಟರು. ಮಾರ್ಸೆಲ್ಲೆಯು ಸ್ವಲ್ಪಕಾಲದಲ್ಲಿಯೇ ಮಡಿದಳು.

ಎರಡು ವರ್ಷಗಳ ತರುವಾಯ ಪ್ರಿನ್ಸಿಪಿಯಳ ಕೋರಿಕೆಯಿಂದ ಬರೆದ ಪತ್ರದಲ್ಲಿ ಜೆರೋಮನು ಒಂದು ಸಂಗತಿಯನ್ನು ಹೇಳುತ್ತಾನೆ. ತಾನು ರೋಮನ್ನು ಬಿಟ್ಟ ಮೇಲೆ ಶಾಸ್ತ್ರದಲ್ಲಿ ಸಂಶಯ ಬಂದವರು ಮಾರ್ಸೆಲ್ಲೆಯ ಬಳಿಗೆ ಹೋಗುತ್ತಿದ್ದರು. ಅವರಲ್ಲಿ ಪಾದ್ರಿಗಳೂ ಇದ್ದರು. ಆಕೆ ಉತ್ತರ ಹೇಳುವಾಗ, ತನ್ನ ಸ್ವಂತ ಅಭಿಪ್ರಾಯವನ್ನೂ ತನ್ನದೆನ್ನದೆ, ಇದು ಜೆರೋಮನದು, ಇದು ಇನ್ನೊಬ್ಬರದು ಎಂದು ಹೇಳುತ್ತಿದ್ದಳು. ಸ್ತ್ರೀಯು ಪುರುಷರಿಗೆ ಉಪದೇಶಿಸಬಾರದೆಂಬ ಪೌಲನ ವಿಧಿಗೂ, ಪ್ರಶ್ನಿಸುವ ಪುರುಷರ ಅಭಿಮಾನಕ್ಕೂ ಭಂಗ ಬಾರದಂತೆ ಹೀಗೆ ನಡೆದುಕೊಂಡಳಂತೆ. ಜೆರೋಮನು ಇದನ್ನು ವಿನಯದ ನಿದರ್ಶನವಾಗಿ ಮೆಚ್ಚಿ ಹೇಳಿದ್ದಾನೆ. ಆದರೆ ಇದರಿಂದ ಹುಟ್ಟುವ ಪ್ರಶ್ನೆಯು ಬೇರೆ: ರೋಮಿನಲ್ಲಿ ಇಪ್ಪತ್ತೈದು ವರ್ಷಗಳ ಕಾಲ ಜೆರೋಮನ ಹೆಸರಿನಲ್ಲಿ ನಡೆದ ವ್ಯಾಖ್ಯಾನಗಳಲ್ಲಿ ಮಾರ್ಸೆಲ್ಲೆಯವೆಷ್ಟು? ಇದನ್ನು ಬಿಡಿಸುವುದಕ್ಕೆ ಆಕೆಯ ಒಂದು ಪತ್ರವಾದರೂ ಬೇಕಾಗಿತ್ತು.

ಜೆರೋಮನು ೪೨೦ರ ಸುಮಾರಿಗೆ ಬೇತ್ಲೆಹೇಮಿನಲ್ಲಿ ತೀರಿಕೊಂಡನು. ಎರಾಸ್ಮುಸನು ೧೫೧೬ರಲ್ಲಿ ಬಾಸೆಲ್ ನಗರದಲ್ಲಿ ಅವನ ಗ್ರಂಥಾವಳಿಯನ್ನು ಪ್ರಕಟಿಸಿದನು. ವಿಯೆನ್ನದಲ್ಲಿ ಇಸಿಡೋರ್ ಹಿಲ್ಬೆರ್ಗನು ೧೯೧೦ರಿಂದ ೧೯೧೮ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಪತ್ರಾವಳಿಯಲ್ಲಿ ೧೫೪ ಸಂಖ್ಯೆಗಳಿವೆ. ಅವುಗಳಲ್ಲಿ ಇತರರು ಜೆರೋಮನಿಗೆ ಬರೆದವೂ ಅವನು ಭಾಷಾಂತರಿಸಿದವೂ ಸೇರಿವೆ. ಡಮಾಸುಸನವಿವೆ, ಅಗಸ್ಟೀನನವಿವೆ, ಅಲೆಕ್ಸಾಂಡ್ರಿಯದ ತೆಯೋಫಿಲುಸನವಿವೆ. ಸ್ತ್ರೀಯರ ಹೆಸರಿನಲ್ಲಿರುವುದು ೪೬ನೆಯ ಪತ್ರವೊಂದೇ. ಪವಿತ್ರಭೂಮಿಗೆ ಬಾರೆಂದು ಪೌಲೆಯೂ ಯುಸ್ತೋಕಿಯಮ್ಮಳೂ ಮಾರ್ಸೆಲ್ಲೆಯನ್ನು ಕರೆದ ಪತ್ರವದು. ಅದನ್ನೂ ಜೆರೋಮನೇ ರಚಿಸಿರಬೇಕೆಂದು ಹಲವರ ಊಹೆ. ಆಕೆ ಬರಲಿಲ್ಲ. ೧೯೮೧ರಲ್ಲಿ ಯೋಹಾನ್ನೆಸ್ ದಿವ್ಯಾಕನು ಪ್ರಕಟಿಸಿದ ಅಗಸ್ಟೀನನ ಹೊಸ ಪತ್ರಗಳ ನಡುವೆ ಜೆರೋಮನದೂ ಒಂದು ದೊರೆತಿದೆ. ಅದು ಕಾರ್ಥೇಜಿನ ಬಿಷಪ್ ಆರೇಲಿಯುಸನಿಗೆ ಬರೆದುದು.